ಟೈಲರಕ್ಕನ ಮನೆಯ ಬೆಕ್ಕಿನ ಕೂದಲು

ಪಾತ್ರೆ ತೊಳೆಯುವ ರಬ್ಬರ್ ಕೈಗವಸನ್ನು ನೀರಿಗೆ ಅದ್ದಿ, ಕೊಡವಿ, ಸೋಫಾದ ಮೇಲೆ ಒಂದೇ ದಿಕ್ಕಿಗೆ ಎಳೆದೆ. ನಾಯಿಯ ಕಂದು ಕೂದಲು ಸುರುಳಿ ಸುತ್ತಿಕೊಂಡು ಉಂಡೆಯಾಗಿ ಬಂತು. ಒದ್ದೆ ರಬ್ಬರಿನ ವಾಸನೆ ಮೂಗಿಗೆ ಬಡಿದಾಗ ಹೊನ್ನಾಳಿಯ ಟೈಲರಕ್ಕ ನೆನಪಾದರು. ಈ ಕೆಲಸ ನನಗೆ ಕಲಿಸಿದವರು ಅವರೇ.

ಚನ್ನಗಿರಿಯ ನಮ್ಮ ಮನೆಗೆ ಈ ನಾಯಿ ಬಂದು ಎರಡು ತಿಂಗಳಾಯಿತು. ಬಸವಾಪಟ್ಟಣದಿಂದ ಬರುವ ದಾರಿಯಲ್ಲಿ ಕುಂಟುತ್ತಿದ್ದ ಅದನ್ನು ಮಗ ಬೈಕಿನಲ್ಲಿ ಕೂರಿಸಿಕೊಂಡು ತಂದ. ಕಾಲು ವಾಸಿಯಾಯಿತು, ನಾಯಿ ಉಳಿಯಿತು. ಅಂದಿನಿಂದ ಚಾದರ, ಕರ್ಟನ್, ನನ್ನ ಸೀರೆಯ ನೆರಿಗೆ, ಎಲ್ಲೆಲ್ಲೂ ಕೂದಲು.

ಹದಿನೆಂಟು ವರ್ಷದ ಹಿಂದಿನ ಮಾತು. ನಾನು ಹೊನ್ನಾಳಿಯಲ್ಲಿ ಪ್ರಾಥಮಿಕ ಶಾಲೆಯ ಟೀಚರ್ ಆಗಿದ್ದೆ. ಗಂಡನಿಗೆ ಜಗಳೂರಿನಲ್ಲಿ ಕೆಲಸ, ಶನಿವಾರ ಬಂದು ಸೋಮವಾರ ಬೆಳಿಗ್ಗೆ ಹೊರಡುತ್ತಿದ್ದರು. ನಾಲ್ಕು ವರ್ಷದ ಮಗನ ಜೊತೆ ಒಂದು ಮನೆಯ ಹಿಂಭಾಗದಲ್ಲಿ ಬಾಡಿಗೆಗಿದ್ದೆ. ಮುಂಭಾಗದಲ್ಲಿ ಇದ್ದವರು ಟೈಲರಕ್ಕ. ಐವತ್ತರ ಆಸುಪಾಸು, ಒಂಟಿ ಹೆಂಗಸು. ಬೀದಿಗೆ ತೆರೆದುಕೊಂಡ ಕೋಣೆಯಲ್ಲಿ ಹೊಲಿಗೆ ಯಂತ್ರ, ಒಳಗೆ ಸಂಸಾರ. ಸಂಸಾರ ಅಂದರೆ ಅವರು ಮತ್ತು ಒಂದು ಬಿಳಿ ಬೆಕ್ಕು. ಅದರ ಹೆಸರು ಹತ್ತಿ.

ಬ್ಲೌಸ್ ಹೊಲಿಯುವವರ ಮನೆಯಲ್ಲಿ ಬಿಳಿ ಬೆಕ್ಕು! ಮದುವೆಯ ರೇಷ್ಮೆ ಬಟ್ಟೆ ಕೊಡಲು ಬಂದ ಹೊಸಬರು ಬಾಗಿಲಲ್ಲೇ ಅನುಮಾನಿಸುತ್ತಿದ್ದರು. ಆದರೆ ಅವರು ಹೊಲಿದು ಕೊಟ್ಟ ಒಂದು ಬಟ್ಟೆಯಲ್ಲೂ ನಾನು ಕೂದಲು ಕಂಡಿಲ್ಲ. ಬೆಳಿಗ್ಗೆ ಕಸ ಗುಡಿಸುವ ಮೊದಲೇ ಮೆಟ್ಟಿಲ ಮೇಲೆ ಕೂತು, ಬೆಕ್ಕನ್ನು ಮಡಿಲಲ್ಲಿಟ್ಟುಕೊಂಡು ಹೇನಿನ ಬಾಚಣಿಗೆಯಿಂದ ಬಾಚುತ್ತಿದ್ದರು. ನೆಲಕ್ಕೆ ಮೊದಲು ಒದ್ದೆ ಬಟ್ಟೆ, ಆಮೇಲೆ ಕಸಬರಿಗೆ. ಒಣ ಕಸಬರಿಗೆ ಆಡಿಸಿದರೆ ಕೂದಲು ಹಾರಿ ಇನ್ನೊಂದು ಕಡೆ ಹೋಗಿ ಕೂರುತ್ತದೆ ಎನ್ನುತ್ತಿದ್ದರು. ಕತ್ತರಿಸಿದ ಬಟ್ಟೆಗಳು ಟ್ರಂಕಿನೊಳಗೆ. ಹೊಲಿದು ಮುಗಿದ ಮೇಲೆ ಅಂಗೈಗೆ ಟೇಪನ್ನು ಅಂಟಿನ ಬದಿ ಮೇಲೆ ಬರುವಂತೆ ಸುತ್ತಿಕೊಂಡು, ಬಾಗಿಲ ಬಿಸಿಲಿನಲ್ಲಿ ಬ್ಲೌಸನ್ನು ಹಿಡಿದು ತಟ್ಟಿ ತಟ್ಟಿ ನೋಡುತ್ತಿದ್ದರು. ಬೆಕ್ಕಿಗೆ ಮಲಗಲು ಬಿದಿರಿನ ಒಂದು ಪುಟ್ಟಿ, ಅದರಲ್ಲಿ ಹಳೆಯ ಲಂಗ.

"ಅದಕ್ಕೂ ಒಂದು ಜಾಗ ಅಂತ ಕೊಟ್ರೆ ಕೂದ್ಲು ಅಲ್ಲೇ ಉದುರ್ತಾವ್ರಿ ಮೇಡಮ್ಮೋರೆ. ಜಾಗ ಕೊಡ್ಲಿಲ್ಲ ಅಂದ್ರೆ ಮನೆಯೆಲ್ಲ ಅದರದೇ" ಎಂದು ಒಮ್ಮೆ ಹೇಳಿದ್ದರು.

ನನ್ನ ಮಗ ಶಾಲೆಯಿಲ್ಲದ ಹೊತ್ತೆಲ್ಲ ಆ ಪುಟ್ಟಿಯ ಪಕ್ಕದಲ್ಲೇ ಇರುತ್ತಿದ್ದ. ನಾನು ಬರುವುದು ತಡವಾದರೆ ಅವನಿಗೆ ಊಟ ಹಾಕುತ್ತಿದ್ದವರೂ ಟೈಲರಕ್ಕನೇ.

ಆ ಚಳಿಗಾಲದಲ್ಲಿ ಮಗನಿಗೆ ಉಬ್ಬಸ ಶುರುವಾಯಿತು. ಎದೆ ಕುಯ್‌ಗುಟ್ಟುತ್ತಿತ್ತು, ಎರಡು ತುತ್ತು ನುಂಗುವುದರೊಳಗೆ ಸುಸ್ತಾಗುತ್ತಿದ್ದ. ಊರಿನ ಡಾಕ್ಟರು ಔಷಧಿ ಬರೆಯುತ್ತ, ಮನೆಯಲ್ಲಿ ನಾಯಿ ಬೆಕ್ಕು ಏನಾದರೂ ಇದೆಯೇ, ಧೂಳಿದೆಯೇ ಎಂದು ಕೇಳಿದರು. ಅವರು ಕೇಳಿದ್ದು ಅಷ್ಟೇ. ಬೆಕ್ಕು ಎಂಬುದರ ಮುಂದಿನದು ಯಾವುದೂ ನನ್ನ ಕಿವಿಗೆ ಇಳಿಯಲಿಲ್ಲ. ಮನೆಗೆ ಬಂದು ಮಗನ ಅಂಗಿ ಬಿಚ್ಚಿ ನೋಡಿದೆ. ತೋಳಿನ ಮೇಲೆ ಐದಾರು ಬಿಳಿ ಕೂದಲು.

ಗೋಡೆಯ ಆಚೆಗೆ ಹೋಗಿ ಟೈಲರಕ್ಕನಿಗೆ ಹೇಳಬೇಕಿತ್ತು. ನನ್ನ ಮಗನಿಗೆ ಅನ್ನ ಕಲಸಿ ಕೊಡುವ ಕೈ ಅದು... ಹೇಗೆ ಹೇಳಲಿ? ಹೇಳಲು ಬಾಯಿ ಬಾರದೆ ಭಾನುವಾರ ಮನೆಯ ಓನರ್ ಹತ್ತಿರ ಹೋಗಿ ಹೇಳಿದೆ.

ಮರುದಿನ ಸಂಜೆ ಓನರ್ ಟೈಲರಕ್ಕನ ಬಾಗಿಲಿಗೆ ಬಂದರು. ನಾನು ಒಳಗೆ ಅಕ್ಕಿ ಆರಿಸುತ್ತಿದ್ದೆ. ಅವರ ಮಾತು ಒಂದೂ ಬಿಡದೆ ಕೇಳಿಸಿತು. "ಬೆಕ್ಕಾದ್ರೂ ಬಿಡ್ರಿ, ಮನೆಯಾದ್ರೂ ಬಿಡ್ರಿ. ಸಣ್ಣ ಹುಡುಗನ ವಿಷಯ ನೋಡ್ರಿ" ಎಂದರು.

ಆಮೇಲೆ ಟೈಲರಕ್ಕನ ದನಿ: "ಹುಡುಗಂಗೆ ತ್ರಾಸ ಆಗ್ತೈತೆ ಅಂದ್ರೆ ನನಗೇ ಹೇಳಬಹುದಿತ್ತಲ್ರಿ ಅವರು. ಗೋಡೆ ಆಚೆನೇ ಅದಾರೆ."

ನಾನು ಅಕ್ಕಿಯ ಮೊರದಿಂದ ತಲೆ ಎತ್ತಲಿಲ್ಲ.

ಗುರುವಾರ ಅವರು ಅಂಗಡಿ ತೆರೆಯಲಿಲ್ಲ. ಬೆಕ್ಕನ್ನು ಅದರ ಪುಟ್ಟಿಯಲ್ಲೇ ಕೂರಿಸಿ, ಮೇಲೆ ಹಳೆಯ ಸೀರೆ ಬಿಗಿದು, ನ್ಯಾಮತಿ ಬಸ್ಸು ಹತ್ತಿದರು. ಅಲ್ಲಿ ಅವರ ತಮ್ಮನ ಹಿಟ್ಟಿನ ಗಿರಣಿ ಇತ್ತು. ಮಧ್ಯಾಹ್ನ ಬರಿಗೈಯಲ್ಲಿ ಹಿಂದಿರುಗಿದರು. ಬಂದವರೇ ಹಾಸಿಗೆ, ದಿಂಬು, ಪರದೆಗಳನ್ನೆಲ್ಲ ಅಂಗಳಕ್ಕೆ ಎಳೆದು ಹಾಕಿದರು. ಮರುದಿನವೂ ಅದೇ ಕೆಲಸ. ಶನಿವಾರ ನಾನು ಶಾಲೆಯಿಂದ ಬರುವಷ್ಟರಲ್ಲಿ ನನ್ನ ಬಾಗಿಲಲ್ಲಿ ನಿಂತಿದ್ದರು. ಒಂದು ಕೈಯಲ್ಲಿ ಬಕೆಟ್, ಇನ್ನೊಂದು ಕೈಯಲ್ಲಿ ರಬ್ಬರ್ ಕೈಗವಸು.

"ನಿಮ್ಮನೆ ಹಾಸಿಗೆನೂ ತೆಗೀರಿ ಮೇಡಮ್ಮೋರೆ. ಬೆಕ್ಕು ಹೋದ್ರೆ ಸಾಲಲ್ಲ, ಕೂದ್ಲು ಹೋಗಬೇಕು."

ಆ ಮಧ್ಯಾಹ್ನ ಅವರು ನಮ್ಮ ಮನೆಯ ಮೂಲೆ ಮೂಲೆಯನ್ನೂ ಸ್ವಚ್ಛ ಮಾಡಿದರು. ಕೈಗವಸನ್ನು ಎಷ್ಟು ಒದ್ದೆ ಮಾಡಬೇಕು, ಯಾವ ದಿಕ್ಕಿಗೆ ಎಳೆಯಬೇಕು, ಬಟ್ಟೆಯನ್ನು ನೆನೆಸುವ ಮೊದಲು ಒಣಗಿದ್ದಾಗಲೇ ಯಾಕೆ ಕೊಡವಬೇಕು, ಎಲ್ಲ ತೋರಿಸಿಕೊಟ್ಟರು. ದೂರಿನ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಮಗ ಮಾತ್ರ ಹತ್ತಿ ಎಲ್ಲಿ ಎಂದು ಕೇಳಿದ. "ಊರಿಗೆ ಹೋಗೈತಪ್ಪ" ಎಂದು ಅವನ ತಲೆ ಸವರಿದರು.

ಮೂರು ವಾರ ಕಳೆಯಿತು. ಉಬ್ಬಸ ಹೋಗಲಿಲ್ಲ. ಈ ಬಾರಿ ಗಂಡ ರಜೆ ಹಾಕಿ ಬಂದರು, ಮಗನನ್ನು ದಾವಣಗೆರೆಗೆ ಕರೆದುಕೊಂಡು ಹೋದೆವು. ಅಲ್ಲಿನ ಡಾಕ್ಟರು ಸಮಾಧಾನವಾಗಿ ಒಂದೊಂದೇ ಕೇಳಿದರು. ಮಗು ಎಲ್ಲಿ ಮಲಗುತ್ತದೆ, ಗೋಡೆಯಲ್ಲಿ ತೇವ ಇದೆಯೇ, ಸೊಳ್ಳೆ ಬತ್ತಿ ಹಚ್ಚುತ್ತೀರಾ. ನದಿಯ ಊರು, ಸೊಳ್ಳೆ ಹೇಳತೀರದು. ಕಿಟಕಿ ಮುಚ್ಚಿ, ಮಗನ ಮಂಚದ ಕೆಳಗೇ ದಿನಾ ಬತ್ತಿ ಇಡುತ್ತಿದ್ದವಳು ನಾನು. ಮಂಚ ತಾಗಿದ್ದ ಗೋಡೆ ಬೂಷ್ಟು ಹಿಡಿದು ಕಪ್ಪಾಗಿತ್ತು. ಬತ್ತಿ ನಿಲ್ಲಿಸಿ ಸೊಳ್ಳೆ ಪರದೆ ಕಟ್ಟಿದೆವು, ಮಂಚವನ್ನು ಇನ್ನೊಂದು ಕೋಣೆಗೆ ಹಾಕಿದೆವು, ಡಾಕ್ಟರು ಕೊಟ್ಟ ಔಷಧಿಯನ್ನು ತಪ್ಪದೆ ಕೊಟ್ಟೆವು. ತಿಂಗಳೊಪ್ಪತ್ತಿನಲ್ಲಿ ಮಗನ ಎದೆ ಸುಮ್ಮನಾಯಿತು.

ಈ ಸುದ್ದಿಯನ್ನು ಹತ್ತು ದಿನ ನಾನು ಟೈಲರಕ್ಕನಿಗೆ ಹೇಳಲಿಲ್ಲ. ಹನ್ನೊಂದನೆಯ ದಿನ, ಬ್ಲೌಸಿನ ನೆಪದಲ್ಲಿ ಹೋಗಿ ಹೇಳಿದೆ. ಅವರ ಕಾಲು ಯಂತ್ರದ ಪೆಡಲಿನ ಮೇಲೆ ನಿಂತಿತು.

"ಅಂದ್ರೆ ಹತ್ತಿಯಿಂದ ಆಗಿದ್ದಲ್ಲ."

"ಅಲ್ಲ ಅನ್ಸುತ್ತೆ ಅಕ್ಕ."

"ಹಂಗಾದ್ರೆ ಭಾನುವಾರ ಹೋಗಿ ಕರ್ಕೊಂಡು ಬರೋಣ. ಹುಡುಗನ್ನೂ ಕರ್ಕೊಳ್ರಿ" ಎಂದರು. ಅವರ ಮುಖ ಅಷ್ಟು ಅರಳಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ನ್ಯಾಮತಿಯ ಗಿರಣಿಯಲ್ಲಿ ಬೆಕ್ಕು ಜೋಳದ ಚೀಲಗಳ ಮೇಲೆ ಮಲಗಿತ್ತು. ತಮ್ಮನ ಇಬ್ಬರು ಸಣ್ಣ ಹೆಣ್ಣುಮಕ್ಕಳು ಅದರ ಎರಡು ಬದಿಗೆ ಕೂತಿದ್ದರು. ಟೈಲರಕ್ಕ ಹೆಸರು ಕರೆದರು. ಅದು ಎದ್ದು ಮೈಮುರಿದು ಇಳಿದು ಬಂತು, ಅವರ ನೀಲಿ ಸೀರೆಗೆ ಎರಡು ಸುತ್ತು ಮೈ ಉಜ್ಜಿತು. ಆಮೇಲೆ ತಿರುಗಿ ಹೋಗಿ ಚಿಕ್ಕವಳ ಮಡಿಲು ಹತ್ತಿತು.

"ಅತ್ತೆ, ಒಯ್ಯಾಕೆ ಬಂದೀಯಾ?" ಎಂದಳು ಚಿಕ್ಕವಳು. ಅವಳ ಕೈ ಬೆಕ್ಕಿನ ಮೇಲೆ ಬಿಗಿಯಾಗಿತ್ತು.

ಟೈಲರಕ್ಕ ತಂದಿದ್ದ ಖಾಲಿ ಚೀಲವನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡರು. "ಇಲ್ಲವ್ವ. ಸುಮ್ನೆ ನೋಡಾಕೆ ಬಂದೆ" ಎಂದರು. ನೆಲದ ಮೇಲೆ ಕೂತು, ಬೆಕ್ಕನ್ನು ಹೇಗೆ ಬಾಚಬೇಕು ಎಂದು ಆ ಮಕ್ಕಳಿಗೆ ತೋರಿಸಿದರು. ಹಿಟ್ಟಿನ ಗಿರಣಿಯಲ್ಲಿ ಕೂದಲು ಬಿದ್ದರೆ ಜನ ಬರುವುದಿಲ್ಲ, ದಿನಾ ಬಾಚಬೇಕು ಎಂದು ಎರಡೆರಡು ಸಲ ಹೇಳಿದರು.

ಹಿಂದಿರುಗುವಾಗ ಬಸ್ಸಿನಲ್ಲಿ ಮಗ ನನ್ನ ತೊಡೆಯ ಮೇಲೆ ನಿದ್ದೆ ಹೋಗಿದ್ದ. ಟೈಲರಕ್ಕ ಸೀರೆಯಿಂದ ಬಿಳಿ ಕೂದಲನ್ನು ಒಂದೊಂದಾಗಿ ಆರಿಸುತ್ತಿದ್ದರು. ಅವರ ಹತ್ತಿರ ತಪ್ಪಾಯಿತು ಎನ್ನಬೇಕೆಂದು ನಾನು ಎಷ್ಟೋ ಸಲ ಬಾಯಿ ತೆರೆದೆ...

ಅವರೇ ಮಾತಾಡಿದರು. "ಒಂದ್ಸಲ ಜಾಗ ಬದಲಾಗೈತೆ. ಪದೇ ಪದೇ ಎತ್ತಾಕೋದು ಬ್ಯಾಡ ಬಿಡ್ರಿ. ಹುಡುಗ ಆರಾಮಾದ್ನಲ್ಲ."

ನಾನು ಹೂಂ ಎಂದೆ, ಅಷ್ಟೇ.

ಅವರು ಇನ್ನೊಂದು ಬೆಕ್ಕು ಸಾಕಲಿಲ್ಲ. ಆರೇಳು ತಿಂಗಳ ಮೇಲೆ ಒಂದು ದಿನ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದಾಗ ನಾನು ಅಲ್ಲಿದ್ದೆ. ಸೂಜಿಯ ಕೆಳಗಿನ ತಗಡು ಬಿಚ್ಚಿದಾಗ ದಾರದ ಧೂಳಿನ ಜೊತೆ ಬಿಳಿ ಕೂದಲಿನ ಒಂದು ಪುಟ್ಟ ಉಂಡೆ ಬಂತು. "ಇನ್ನೂ ಮುಗಿದಿಲ್ಲ ನೋಡ್ರಿ" ಎಂದು ಅದನ್ನು ಕಸದ ಡಬ್ಬಿಗೆ ಹಾಕಿದರು. ಮುಂದಿನ ವರ್ಷ ನನಗೆ ನಲ್ಲೂರಿಗೆ ವರ್ಗವಾಯಿತು, ಹತ್ತಿರದ ಚನ್ನಗಿರಿಯಲ್ಲಿ ಮನೆ ಮಾಡಿದೆವು. ಮೊದಮೊದಲು ಫೋನ್ ಮಾಡುತ್ತಿದ್ದೆ. ಆಮೇಲೆ ಹಬ್ಬಕ್ಕೊಮ್ಮೆ. ಆಮೇಲೆ ಅದೂ ನಿಂತಿತು.

ಎರಡು ವರ್ಷದ ಹಿಂದೆ ಒಂದು ಮದುವೆಗೆಂದು ಹೊನ್ನಾಳಿಗೆ ಹೋದವಳು ಆ ಬೀದಿಗೆ ಹೋದೆ. ಹೊಲಿಗೆ ಯಂತ್ರವಿದ್ದ ಕೋಣೆಯಲ್ಲಿ ಮೊಬೈಲ್ ಅಂಗಡಿ ಇತ್ತು. ಎದುರು ಮನೆಯವರು, ಟೈಲರಕ್ಕ ತೀರಿಕೊಂಡು ನಾಲ್ಕು ವರ್ಷವಾಯಿತು, ಕೊನೆಯ ದಿನಗಳಲ್ಲಿ ತಮ್ಮನ ಮಕ್ಕಳು ಬಂದು ನ್ಯಾಮತಿಗೆ ಕರೆದೊಯ್ದು ಚೆನ್ನಾಗಿ ನೋಡಿಕೊಂಡರು ಎಂದರು. ನಾನು ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಇವತ್ತು ಸೋಫಾ ಒರೆಸುವಾಗ, ಇದನ್ನೆಲ್ಲ ಯಾರು ಹೇಳಿಕೊಟ್ಟರಮ್ಮ ಎಂದು ಮಗ ಕೇಳಿದ. ಅವನಿಗೆ ಟೈಲರಕ್ಕನ ನೆನಪಿಲ್ಲ, ಬೆಕ್ಕಿನ ನೆನಪು ಸ್ವಲ್ಪ ಇದೆ. ಮೊದಲ ಸಲ ಎಲ್ಲವನ್ನೂ ಹೇಳಿದೆ, ಓನರ್ ಮನೆಗೆ ಹೋಗಿದ್ದನ್ನೂ ಬಿಡದೆ.

ಅವನು ನಾಯಿಯ ಕಿವಿ ಸವರುತ್ತ ಕೇಳಿಸಿಕೊಂಡ. ಕೊನೆಗೆ, "ಅಂದ್ರೆ ನನ್ನಿಂದ ಅವರ ಬೆಕ್ಕು ಹೋಯ್ತು" ಎಂದ.

"ನಿನ್ನಿಂದ ಅಲ್ಲಪ್ಪ, ನನ್ನಿಂದ" ಎಂದೆ. ಅವರಿಗೆ ಹೇಳಬೇಕಾಗಿದ್ದ ಮಾತು ಅದು. ಕೇಳಿಸಿಕೊಳ್ಳಲು ಅವರಿಲ್ಲ.