ಶಬ್ದದ ಮೇಲಿಟ್ಟ ಬೆರಳು

ಪುಣೆ ಕ್ಯಾಂಪಿನ ಪೊಲೀಸ್ ಚೌಕಿಯಲ್ಲಿ ನನ್ನ ಗಂಟು ಬಿಚ್ಚಿ ಮೇಜಿನ ಮೇಲೆ ಹರಡಿದರು. ಒಳಗಿದ್ದದ್ದು ಧಾರವಾಡದಲ್ಲಿ ಅಚ್ಚಾದ ನಮ್ಮ ಮಾಸ್ತರರ ಹೊಸ ಪುಸ್ತಕ. ಇಲ್ಲಿಯ ಟಾಂಗಾದವರಿಗೂ ಹಮಾಲರಿಗೂ ವೇದಾಂತ ಹೇಳಿಕೊಡುತ್ತಲೇ ಮುಪ್ಪಾದವರು ಅವರು. ಪಾಠದಲ್ಲಾಗಲಿ ಪುಸ್ತಕದಲ್ಲಾಗಲಿ ಪಂಡಿತರ ಸಂಸ್ಕೃತ ಶಬ್ದ ಒಂದೂ ಬರಬಾರದೆಂಬುದು ಅವರ ಹಟ. ಆ ಹಟವೇ ಈಗ ಕುತ್ತಾಗಿ ಬಂತು.

ಫೌಜದಾರರಿಗೆ ಕನ್ನಡ ಬಾರದು, ನನ್ನ ಮಾತಿನ ಮೇಲೆ ನಂಬಿಕೆಯೂ ಇಲ್ಲ. ಓದಿ ಹೇಳಲು ನಾನು ಬಂದ ಟಾಂಗಾದ ಬಸಪ್ಪನನ್ನೇ ಒಳಗೆ ಕರೆಸಿದರು. ಸ್ಟೇಷನ್ನಿನಿಂದ ಇಲ್ಲಿಯವರೆಗೆ ಅವನು ಕುದುರೆಯೊಂದನ್ನು ಬಿಟ್ಟು ಯಾರೊಡನೆಯೂ ಮಾತಾಡಿರಲಿಲ್ಲ.

ಹೊದಿಕೆಯ ಮೇಲೆ ಬೆರಳಿಟ್ಟು ಅವನು ಅಕ್ಷರ ಕೂಡಿಸಿ ಓದಿದ: "ಎಲ್ಲರ ಬಿಡುಗಡೆ."

"ಮ್ಹಣಜೆ?" ಎಂದು ಅರ್ಥ ಕೇಳಿದರು ಫೌಜದಾರರು.

ಬಿಡುಗಡೆಗೆ ಮರಾಠಿಯಲ್ಲಿ 'ಸುಟಕಾ' ಎನ್ನುತ್ತಾರೆ. ಸ್ವಾತಂತ್ರ್ಯ ಚಳವಳಿಯವರನ್ನು ದಿನಾ ಹಿಡಿದು ಜೈಲಿಗೆ ಹಾಕುತ್ತಿದ್ದ ಕಾಲ. ಆ ಒಂದು ಶಬ್ದ ಸಾಕಿತ್ತು, ನಾನೂ ಒಳಗೆ, ಮಾಸ್ತರರೂ ಒಳಗೆ. ಬಸಪ್ಪ ನನ್ನ ಕಡೆ ನೋಡಲಿಲ್ಲ. ಬೆರಳನ್ನೂ ಎತ್ತಲಿಲ್ಲ.

"ಮೋಕ್ಷ, ಸಾಹೇಬ," ಎಂದ.

ಫೌಜದಾರರು ಆಕಳಿಸಿ ಗಂಟನ್ನು ನನ್ನ ಕಡೆ ತಳ್ಳಿದರು.

ಟಾಂಗಾ ತಿರುವು ದಾಟಿತು. ಆಮೇಲೆ ಬಸಪ್ಪ ಲಗಾಮು ಸಡಿಲಿಸಿ, "ಮಾಸ್ತರ ಮುಂದ ಇದನ್ನ ಹೇಳಬ್ಯಾಡ್ರಿ," ಎಂದ.

"ಯಾಕಪ್ಪಾ, ನೀ ಸುಳ್ಳೇನೂ ಹೇಳಲಿಲ್ಲಲ್ಲ?"

"ಸುಳ್ಳಲ್ರಿ. ಆದ್ರ 'ಮೋಕ್ಷ' ಅನ್ನೋ ಆ ಪಂಡಿತರ ಶಬ್ದ ನನ್ನ ಬಾಯಿಂದ ಬಿಡಸಾಕ ಅವರಿಗೆ ಆರು ವರ್ಷ ಹಿಡದದ."