ಕಾವಲಿನಲ್ಲಿ ಕೂರಿಸಿದ ಹಸು

ಕಡೂರಿನಲ್ಲಿ ನಮ್ಮದು ಸೈಕಲ್ ರಿಪೇರಿ ಅಂಗಡಿ. ಭಾನುವಾರ ಬಾಗಿಲು ಹಾಕುತ್ತಿದ್ದೆವು. ಹೆಂಡತಿ ಇದ್ದಾಗ ಆ ದಿನ ಬೆಳಿಗ್ಗೆ ಬಸ್ ಹತ್ತಿ ಎಲ್ಲಿಗಾದರೂ ಹೋಗಿ ಸಂಜೆಗೆ ವಾಪಸಾಗುವುದು ನಮ್ಮ ವಾಡಿಕೆ. ದೂರವೇನಲ್ಲ, ಇಲ್ಲೇ ಅಮೃತಾಪುರ, ಲಕ್ಕವಳ್ಳಿ, ಅಜ್ಜಂಪುರದ ಕಡೆ. ಯಾವ ಬಸ್ಸಿನಲ್ಲಿ ಸೀಟು ಸಿಕ್ಕಿದರೆ ಆ ಊರು.

ಅವಳು ಸಂಕ್ರಾಂತಿ ಆಗಿ ಒಂದು ವಾರಕ್ಕೆ ತೀರಿಕೊಂಡಳು. ಬೇಸಿಗೆಯ ಹೊತ್ತಿಗೆ ಮನೆಯಲ್ಲಿ ಕೂರಲಾಗದೆ ನಾನೊಬ್ಬನೇ ಹೊರಟೆ. ಅಮೃತಾಪುರದ ಗುಡಿಗೆ ಹೋಗಿ ಸುತ್ತು ಬಂದೆ. ಇನ್ನೊಂದು ವಾರ ಲಕ್ಕವಳ್ಳಿಗೆ ಹೋಗಿ ಡ್ಯಾಮಿನ ನೀರು ನೋಡುತ್ತಾ ಕಟ್ಟಿಕೊಂಡು ಹೋಗಿದ್ದ ಚಿತ್ರಾನ್ನ ತಿಂದೆ. ಬಸ್ಸಿನಲ್ಲಿ ಹಿಂದಿರುಗುವಾಗ ಏನು ನೋಡಿದೆ ಎಂದು ನನ್ನನ್ನೇ ಕೇಳಿಕೊಂಡರೆ ಹೇಳಲು ಏನೂ ಇರಲಿಲ್ಲ. ಅವಳು ದಾರಿಯುದ್ದಕ್ಕೂ ಒಬ್ಬರಲ್ಲ ಒಬ್ಬರನ್ನು ಮಾತಾಡಿಸುತ್ತಿದ್ದಳು. ಹೂವಿನವಳನ್ನು, ಬಟ್ಟೆ ಒಗೆಯುವವರನ್ನು, ಕೊನೆಗೆ ಗದ್ದೆಯೊಳಗೆ ಬಗ್ಗಿದವರನ್ನೂ. ನಾನು ಚೀಲ ಹಿಡಿದು ಹಿಂದೆ ನಿಂತಿರುತ್ತಿದ್ದೆ. ಊರುಗಳೆಲ್ಲ ನನಗೆ ಸಿಕ್ಕಿದ್ದು ಹಾಗೆ, ಅವಳ ಬೆನ್ನ ಹಿಂದಿನಿಂದ. ನನಗೆ ಮಾತು ಶುರುಮಾಡಲು ಬರುವುದಿಲ್ಲ. ಇನ್ನೊಂದು ಸಲ ಹೋಗಿ ನೋಡುವುದು, ಆಗಲೂ ಹೀಗೇ ಆದರೆ ತಿರುಗಾಟ ಸಾಕು ಮಾಡುವುದು ಅಂದುಕೊಂಡೆ.

ಮಳೆ ಬಿದ್ದ ಮೇಲೆ ಅಜ್ಜಂಪುರದ ಕಡೆಗೆ ಹೊರಟೆ. ಅಲ್ಲಿ ದನ ಮೇಯುವ ಕಾವಲು ಇದೆ. ಗಿಡಮರ ಕಡಿಮೆ, ಕಣ್ಣು ಹಾಯುವಷ್ಟು ದೂರ ಹುಲ್ಲು. ಬಸ್ಸು ಇಳಿದು ನಡೆದೆ. ಕಪ್ಪು ಮಣ್ಣು ಚಪ್ಪಲಿಗೆ ಮೆತ್ತಿ ಕಾಲು ಭಾರವಾಯಿತು. ಗಾಳಿ ಬಂದಾಗ ಹುಲ್ಲೆಲ್ಲ ಒಂದೇ ಕಡೆಗೆ ಮಲಗಿ ಮತ್ತೆ ಏಳುತ್ತಿತ್ತು. ಚೆನ್ನಾಗಿಯೇ ಇತ್ತು, ಆದರೆ ನನಗೆ ಆಗಲೇ ವಾಪಸು ಬಸ್ಸಿನ ಯೋಚನೆ.

"ಯಾರಪ್ಪಾ ಅದು! ಅಲ್ಲೇ ನಿಂತ್ಕಳಿ! ಅಲ್ಲಾಡ್ಬ್ಯಾಡಿ!"

ದೂರದ ಜಾಲಿಮರದ ಕೆಳಗಿನಿಂದ ಒಬ್ಬ ಹೆಂಗಸು ಕೂಗಿದಳು. ನಿಂತೆ. ನನ್ನ ಕಾಲಿನಿಂದ ಎರಡು ಮಾರು ಆಚೆ, ಹುಲ್ಲಿನೊಳಗೆ, ಆಗಷ್ಟೇ ಹುಟ್ಟಿದ ಒದ್ದೆ ಕರು ಮಲಗಿತ್ತು. ರಸ್ತೆಯ ಕಡೆಯಿಂದ ಅದರ ತಾಯಿ ಕೊಂಬು ತಗ್ಗಿಸಿ ಬರುತ್ತಿತ್ತು.

"ಬೆನ್ ತಿರುಗುಸ್ಬ್ಯಾಡಿ. ಹಂಗೇ ಹಿಂದಕ್ಕೆ ಬನ್ನಿ, ನಮ್ ಕಡೀಕೆ."

ಹಿಂದಕ್ಕೆ ಹೆಜ್ಜೆ ಇಡುತ್ತಾ ಮರ ಮುಟ್ಟಿದೆ. ಅಲ್ಲಿ ಅವಳೂ ಅವಳ ಗಂಡನೂ ಕಂಬಳಿ ಹಾಸಿ ಕೂತಿದ್ದರು. ಮೇಯಲು ಬಿಟ್ಟ ಹಸು ಆಗತಾನೇ ಅಲ್ಲೇ ಈದಿತ್ತು. ಕರುವಿನ ಹಿಂದೆ ಬರುವ ಮಾಸು ಬೀಳುವವರೆಗೆ ನಾಯಿಗಳು ಹತ್ತಿರ ಬರದಂತೆ ಕಾಯುತ್ತಿದ್ದರು. ಹಸು ನಮಗೂ ರಸ್ತೆಗೂ ನಡುವೆ ನಿಂತು ನನ್ನನ್ನೇ ನೋಡುತ್ತಿತ್ತು.

"ಈಗ ಅದು ನಿಮ್ಮನ್ನ ಬಿಡಲ್ಲ ಕಣ್ರೀ. ಕೂತ್ಕಳಿ," ಅಂದ ಗಂಡ. "ನಂಗೇ ಹತ್ರ ಬರಕ್ ಬಿಡ್ಲಿಲ್ಲ."

"ನಿನ್ನ ನಾನೇ ಬಿಡಲ್ಲ, ಅದೆಂಗ್ ಬಿಡ್ತದೆ," ಅಂದಳು ಹೆಂಡತಿ.

ರಾಗಿ ರೊಟ್ಟಿಯ ಮೇಲೆ ಹುಚ್ಚೆಳ್ಳು ಚಟ್ನಿ ಹಾಕಿ ಕೈಗೆ ಕೊಟ್ಟಳು. "ಒಬ್ರೇ ಬಂದೀರಲ್ಲ ಅಣ್ಣ, ಅಕ್ಕ ಬರ್ಲಿಲ್ವಾ?"

"ಬರ್ಲಿಲ್ಲ," ಅಂದೆ. ರೊಟ್ಟಿ ಮುರಿದು ಬಾಯಿಗಿಟ್ಟೆ.

ಹಸು ಕದಲಲಿಲ್ಲ. ಹಾಗಾಗಿ ನಾನೂ ಕದಲಲಿಲ್ಲ. ಕೂತಲ್ಲಿಂದ ನೋಡಿದರೆ, ಖಾಲಿ ಅಂದುಕೊಂಡಿದ್ದ ಕಾವಲು ಖಾಲಿ ಇರಲಿಲ್ಲ. ಒಂದು ಸಣ್ಣ ಹಕ್ಕಿ ಹಾಡುತ್ತಾ ನೆಟ್ಟಗೆ ಮೇಲೇರಿ, ಕಲ್ಲಿನ ಹಾಗೆ ಕೆಳಗೆ ಬೀಳುತ್ತಿತ್ತು. ಅದು ಬಿದ್ದ ಜಾಗದಲ್ಲಿ ಗೂಡು ಇರುವುದಿಲ್ಲ, ಗೂಡು ಬೇರೆ ಕಡೆ, ಅದು ಬರೀ ನಾಟಕ ಎಂದು ಗಂಡ ಹೇಳಿದ. ಎಲ್ಲಿದೆ ಅಂತ ತೋರಿಸು ನೋಡೋಣ ಎಂದು ಹೆಂಡತಿ ಛೇಡಿಸಿದಳು. ಅವನಿಗೂ ಗೊತ್ತಿರಲಿಲ್ಲ.

"ಅಣ್ಣ, ಹೆಣ್ಗರು ಇದು, ಒಂದು ಹೆಸರಿಡಿ," ಅಂದಳು. ಕರು ಹುಟ್ಟಿದ ದಿನ ಮೊದಲು ಕಂಡ ಹೊರಗಿನವರೇ ಅದಕ್ಕೆ ಹೆಸರಿಡುವುದು ಅವರ ಮನೆಯ ಪದ್ಧತಿಯಂತೆ. "ದೇವ್ರ ಹೆಸ್ರು ಬ್ಯಾಡಿ. ಅವೆಲ್ಲ ನಮ್ ಕೊಟ್ಟಿಗೇಲಿ ಆಗೋಗ್ಯವೆ."

ನನ್ನ ಬಾಯಿಗೆ ನನ್ನವಳ ಹೆಸರು ಬಂತು. ಹೇಳಿಬಿಟ್ಟೆ.

ಮದುವೆಯಾದಾಗಿನಿಂದ ನಾನು ಅವಳನ್ನು ಹೆಸರು ಹಿಡಿದು ಕರೆದವನಲ್ಲ. 'ಏ', 'ಕೇಳಿಸ್ತಾ' ಅಷ್ಟೇ. ನಮ್ಮ ವಯಸ್ಸಿನವರಲ್ಲಿ ಅದೇ ರೂಢಿ. ಅವಳ ಕಾರ್ಯದ ದಿನ ಅಯ್ಯನವರು ಹೆಸರು ಕೇಳಿದಾಗ ಕೂಡ ನನ್ನ ಅಣ್ಣನ ಮಗನೇ ಹೇಳಿದ್ದು.

"ಚೆನ್ನಾಗೈತೆ. ಯಾರ್ದು ಹೆಸ್ರು?"

"ನಮ್ಮನೆಯವಳದು."

ಗಂಡ ತೊಡೆ ತಟ್ಟಿಕೊಂಡು ನಕ್ಕ. "ಅಯ್ಯೋ ಯಜಮಾನ್ರೇ! ಕರುಗೆ ನನ್ ಹೆಸ್ರು ಇಟ್ ಬಂದ್ಯಾ ಅಂತ ಅಕ್ಕೋರು ಪೊರಕೆ ತಗಂತಾರೆ, ನೋಡ್ತಿರಿ!"

ನನಗೂ ನಗು ಬಂತು. ಇದ್ದಿದ್ದರೆ ನನ್ನವಳು ನಿಜವಾಗಿಯೂ ತೆಗೆದುಕೊಳ್ಳುತ್ತಿದ್ದಳು. ನಕ್ಕು ಮುಗಿದ ಮೇಲೆ, "ತೀರ್ಕೊಂಡ್ಳು, ಸಂಕ್ರಾಂತಿ ಆದ್ಮೇಲೆ," ಅಂದೆ.

ಗಂಡ ತಲೆ ತಗ್ಗಿಸಿದ. "ಬಾಯಿಗೆ ಅಗಳಿ ಇಲ್ಲ ನಿಂಗೆ," ಎಂದು ಹೆಂಡತಿ ಅವನ ಭುಜಕ್ಕೆ ಹೊಡೆದಳು. "ನಂಗೇನ್ ಗೊತ್ತೇ," ಅಂದ ಅವನು, ಮೆಲ್ಲಗೆ.

ಅವಳು ನನಗೆ ಸಮಾಧಾನ ಹೇಳಲಿಲ್ಲ. ಎದ್ದು ನಿಂತು, ಬಾಯಿಗೆ ಕೈ ಅಡ್ಡ ಹಿಡಿದು, ಕರುವಿನ ಕಡೆಗೆ ಆ ಹೆಸರನ್ನು ಉದ್ದಕ್ಕೆ ಎಳೆದು ಕೂಗಿದಳು. ಹೆಸರು ಹುಲ್ಲಿನ ಮೇಲೆ ಬಹಳ ದೂರ ಹೋಯಿತು. ಕರು ಕಿವಿಯನ್ನೂ ಆಡಿಸಲಿಲ್ಲ.

"ಇನ್ನೂ ಹೊಸ್ದು. ಕೇಳಿ ಕೇಳಿ ರೂಢಿ ಆಗ್ಬೇಕು. ನೀವೂ ಕರೀರಿ ಅಣ್ಣ, ಹೆಸ್ರಿಟ್ಟೋರು."

ಕರೆದೆ. ಮೊದಲ ಸಲ ನನಗಷ್ಟೇ ಕೇಳಿಸಿತು. ಮತ್ತೆ ಕರೆದೆ.

ಬಿಸಿಲು ಇಳಿಯುವ ಹೊತ್ತಿಗೆ ಮಾಸು ಬಿತ್ತು. ಗಂಡ ಅದನ್ನು ಹೂಳಲು ಗುದ್ದಲಿ ತೆಗೆದುಕೊಂಡ. ಹಸು ಕರುವಿನ ಹತ್ತಿರ ಹೋಗಿ ನೆಕ್ಕತೊಡಗಿತು.

"ದಾರಿ ಬಿಡ್ತು ನೋಡಿ. ಬಸ್ಸಿಗೆ ಟೈಮಾಯ್ತೇನೋ," ಅಂದಳು.

ಬಸ್ಸಿಗೆ ಹೊತ್ತಾಗಿತ್ತು. ನಾನು ಏಳಲಿಲ್ಲ. "ಈ ಹಸು ನಿಮ್ಮನೇಲೇ ಹುಟ್ಟಿದ್ದಾ, ಕೊಂಡು ತಂದಿದ್ದಾ?" ಎಂದು ಕೇಳಿದೆ.

"ಕೊಂಡಿದ್ದು," ಅಂದ ಗಂಡ.

"ಕೊಂಡಿದ್ದಂತೆ! ನಮ್ಮಪ್ಪ ತೌರಿಂದ ಹೊಡ್ಕಂಡ್ ಬಂದು ಕೊಟ್ಟಿದ್ದು ಕಣಣ್ಣ ಇದರ ತಾಯೀನ," ಎಂದು ಅವಳು ಸೆರಗು ಸಿಕ್ಕಿಸಿಕೊಂಡು ನನ್ನ ಎದುರಿಗೆ ಕೂತಳು.