‘ಇಣುಕು’ ಕಳ್ಳನಲ್ಲ

ಬೀದಿದೀಪ ಇನ್ನೂ ಆರಿಲ್ಲ, ಕನ್ನಡಕದ ಅಂಗಡಿಯ ಶಟರ್ ಆಗಲೇ ಅರ್ಧ ಮೇಲೆದ್ದಿದೆ. ಲೆನ್ಸ್ ಉಜ್ಜುವ ಯಂತ್ರದ ಪಕ್ಕ, ಹಳೇ ಕಂಪ್ಯೂಟರಿಗೆ ಮೂಗು ತಾಗುವಷ್ಟು ಬಾಗಿ ಅಂಗಡಿಯ ಯಜಮಾನರು ಕೂತಿದ್ದಾರೆ. ಗೆಳೆಯರ ಬಾಯಲ್ಲಿ ಇವರು ‘ಚುಕ್ಕಿ’. ಪರದೆಯ ಮೇಲೆ ಒಂದೇ ಲಕೋಟೆಯ ಚಿತ್ರ ಐದು ಅಳತೆಗಳಲ್ಲಿ ಸಾಲಾಗಿ ನಿಂತಿದೆ. ದೊಡ್ಡದು ಮುದ್ದಾಗಿದೆ, ಕೊನೆಯದು ಬರೀ ಮಸಿ ಕಲೆ.

“ನೋಡಿ, ದೊಡ್ಡದನ್ನ ಪ್ರೀತಿಯಿಂದ ಬರೀತಾರೆ, ಚಿಕ್ಕದನ್ನ ಕಂಪ್ಯೂಟರೇ ಮಾಡ್ಕೊಳ್ಳಲಿ ಅಂತ ಬಿಡ್ತಾರೆ. ಜನ ದಿನವಿಡೀ ನೋಡೋದು ಚಿಕ್ಕದನ್ನೇ ಸ್ವಾಮಿ!”

ಕಂಪ್ಯೂಟರಿನಲ್ಲಿ ನಾವು ಒತ್ತುವ ಪುಟ್ಟ ಚಿತ್ರಗಳಿವೆಯಲ್ಲ, ಐಕಾನ್‌ಗಳು, ಅವುಗಳ ಒಂದೇ ಫೈಲಿನೊಳಗೆ ಹಲವು ಅಳತೆಗಳು ಅಡಗಿರುತ್ತವೆ. ಅಷ್ಟನ್ನೂ ಒಟ್ಟಿಗೆ ತೆರೆದು ತೋರಿಸುವ ಪ್ರೋಗ್ರಾಂ ‘ಇಣುಕು’. ಇವರೇ ಬರೆದದ್ದು, ಬಿಟ್ಟಿಯಾಗಿ ಹಂಚಿದ್ದು. ಐಕಾನ್ ಬರೆಯುವುದೇ ಕಸುಬಾಗಿರುವ ತಂಗಿ ಒಮ್ಮೆ ಗೋಳಾಡಿದಳಂತೆ, ಚಿಕ್ಕ ಚಿತ್ರ ಕೆಟ್ಟಿರುವುದು ಗಿರಾಕಿ ಬೈದ ಮೇಲೇ ತಿಳಿಯುತ್ತದೆಂದು. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಬಿದ್ದು ಎದ್ದು ಪ್ರೋಗ್ರಾಂ ಬರೆಯಲು ಕಲಿತ ಅಣ್ಣ ಅವಳಿಗೆಂದೇ ಇದನ್ನು ಮಾಡಿಕೊಟ್ಟರು. ಈಗ ದಿನಕ್ಕೆ ಇನ್ನೂರರಷ್ಟು ಅಪರಿಚಿತರು ಇಳಿಸಿಕೊಳ್ಳುತ್ತಾರೆ.

ಹೋದ ವರ್ಷ ಮಾತ್ರ ಗ್ರಹಚಾರ ಕೆಟ್ಟಿತು. ವೈರಸ್ ಹಿಡಿಯುವ ಸಾಫ್ಟ್‌ವೇರೊಂದು ‘ಇಣುಕು’ ಕಂಡಲ್ಲೆಲ್ಲ ಅಪಾಯ, ಅಪಾಯ ಎಂದು ಬೊಬ್ಬೆ ಹಾಕತೊಡಗಿತು. ದಿನಕ್ಕೆ ಇನ್ನೂರು ಜನ ಇಳಿಸಿಕೊಳ್ಳುತ್ತಿದ್ದದ್ದು ಒಂಬತ್ತಕ್ಕೆ ಕುಸಿಯಿತು. ಅದನ್ನಾದರೂ ನುಂಗಿಕೊಳ್ಳಬಹುದಿತ್ತು, ತಂಗಿಯ ಫೋನ್ ಬಂತಲ್ಲ!

“ಅಣ್ಣ, ಆಫೀಸಿಗೆ ವೈರಸ್ ತಂದೋಳು ನಾನೇ ಅಂತೆ. ಎಲ್ಲರ ಎದುರು ಕರ್ಸಿ ಕೇಳಿದ್ರು.”

“ಅವತ್ತು ಊಟ ಸೇರ್ಲಿಲ್ಲ,” ಎನ್ನುತ್ತಾರೆ ಚುಕ್ಕಿ. “ನನ್ನ ಬೈದಿದ್ರೆ ಪರವಾಗಿಲ್ಲ. ಅವಳೇನು ಮಾಡಿದ್ಲು?”

ತಪ್ಪು ಇವರದೇ, ಅದೂ ಒಣ ಜಂಬದ್ದು. ತಮ್ಮ ಪ್ರೋಗ್ರಾಂ ಎಷ್ಟು ಪುಟ್ಟದು ನೋಡಿ ಎಂದು ಬೀಗುವ ಚಪಲಕ್ಕೆ, ಅದನ್ನು ಇನ್ನೊಂದು ಪ್ರೋಗ್ರಾಂನಿಂದ ಹಿಂಡಿ ಮುದುರಿ ಕಳಿಸುತ್ತಿದ್ದರು. ವೈರಸ್‌ಗಳು ಮೈ ಮುಚ್ಚಿಕೊಳ್ಳುವುದೂ ಹಾಗೆಯೇ, ಒಳಗೇನಿದೆಯೆಂದು ಕಾಣದೆ ಆ ಸಾಫ್ಟ್‌ವೇರ್ ಅನುಮಾನಪಟ್ಟಿತ್ತು. ಪಾರ್ಸೆಲ್ ಕೌಂಟರಿನಲ್ಲಿ ಕೆಲಸ ಮಾಡುವ ಹೆಂಡತಿ ಕಥೆ ಕೇಳಿ ನಕ್ಕೇಬಿಟ್ಟರು.

“ಬಾಯಿ ಹೊಲಿದ ಗಂಟು ಬಂದ್ರೆ ನಾನಾದ್ರೂ ಒಳಗೆ ಬಿಡ್ತೀನಾ? ಬಿಚ್ಚಿ ತೋರ್ಸಿ ಅಂತೀನಿ. ನಿಮ್ಮದೇನು ವಿಶೇಷ?”

“ಮೂರು ಪಟ್ಟು ದಪ್ಪ ಆಗುತ್ತೆ ಕಣೇ!”

“ಆಗ್ಲಿ ಬಿಡಿ. ನೀವಾಗಿಲ್ವಾ?”

ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೆಯ ದಿನ ಗಂಟು ಬಿಚ್ಚಿದರು. ಹಿಂಡದ ಪ್ರತಿಯನ್ನು ಆ ಸಾಫ್ಟ್‌ವೇರಿನವರಿಗೇ ಕಳಿಸಿ ‘ತಪಾಸಣೆ ಮಾಡಿ’ ಎಂದರು. ಅವರು ನೋಡಿದರು, ಕಳಂಕ ತೆಗೆದರು. ಆ ಉತ್ತರವನ್ನು ತಂಗಿ ತನ್ನ ಆಫೀಸಿನಲ್ಲಿ, ಅದೇ ಎಲ್ಲರ ಎದುರು, ಗಟ್ಟಿಯಾಗಿ ಓದಿದಳಂತೆ. ಈಗ ಅಲ್ಲಿನ ಪ್ರತಿ ಕಂಪ್ಯೂಟರಿನಲ್ಲೂ ‘ಇಣುಕು’ ಇದೆ.

ಹೊರಗೆ ಮೊದಲ ಗಿರಾಕಿ ಮುರಿದ ಫ್ರೇಮು ಹಿಡಿದು ನಿಂತಿದ್ದಾನೆ. ಚುಕ್ಕಿ ಎದ್ದು ಶಟರನ್ನು ಪೂರ್ತಿ ಎತ್ತುತ್ತಾರೆ. ಇಷ್ಟು ಜನ ಬಳಸಿದರೂ ನಿಮ್ಮ ಹೆಸರು ಯಾರಿಗೂ ಗೊತ್ತಿಲ್ಲವೆಂಬ ಬೇಸರವಿಲ್ಲವೇ ಎಂದರೆ ಜೋರಾಗಿ ನಗುತ್ತಾರೆ.

“ಬರೆದವನು ಯಾರು ಅಂತ ಗೊತ್ತಾಗಿ ಯಾರಿಗೇನಾಗ್ಬೇಕು? ನನ್ನ ಪ್ರೋಗ್ರಾಂ ಇವತ್ತು ಯಾರ ಮನೆಗೆ ಹೋದ್ರೂ ಬಾಗಿಲು ತಟ್ಟಿ, ಜೇಬು ತೋರ್ಸಿ, ತಲೆ ಎತ್ಕೊಂಡು ಒಳಗೆ ಹೋಗುತ್ತೆ.”